ಶುಕ್ರವಾರ ಸಂಜೆ ಆರರೊಳಗೆ

ನನ್ನ ಕೆಲಸ ಹಿಂದಕ್ಕೆ ಎಣಿಸುವುದು.
ಹಡಗು ಹೊರಡುವುದು ರವಿವಾರ ನಸುಕಿಗೆ.
ಬಂದರಿನ ಗೇಟು ಮುಚ್ಚುವುದು ಶುಕ್ರವಾರ ಸಂಜೆ ಆರಕ್ಕೆ.
ದಾರಿಗೆ ಒಂದು ಹಗಲು, ಒಂದು ರಾತ್ರಿ,
ಖಂಬಾಟಕಿ ಘಾಟಿನಲ್ಲಿ ಯಾರದೋ ಆಕ್ಸಲ್ ಮುರಿದಿದ್ದರೆ
ಮತ್ತೊಂದು ಅರ್ಧ ಹಗಲು.
ಅಂದಮೇಲೆ ಬುಧವಾರ ತುಂಬಿ ಸೀಲು ಹಾಕಬೇಕು,
ಮಂಗಳವಾರ ಗೋದಾಮಿನಲ್ಲಿ ಮದ್ದಿನ ಹೊಗೆ,
ಸೋಮವಾರ ಬ್ಯಾಡಗಿ ಪೇಟೆಯ ಟೆಂಡರು.
ಆ ಸೋಮವಾರದಲ್ಲಿ ನಿಂತು ಮುಂದಕ್ಕೆ ನೋಡಿದರೆ
ವೇಲೆನ್ಸಿಯಾ ಕಾಣುವುದಿಲ್ಲ,
ಕೆಂಪು ರಾಶಿ, ಸೀನು, ಮತ್ತೆ ಕೆಂಪು ರಾಶಿ.

ಗಬ್ಬೂರ ಬೈಪಾಸಿನಲ್ಲಿ, ಟೈರ್ ಅಂಗಡಿಯ ಮೇಲೆ ನಮ್ಮ ಆಫೀಸು.
ಸಮುದ್ರ ನೋಡಿಲ್ಲ ಅಂತಲ್ಲ,
ಕಾರವಾರಕ್ಕೆ ಕಾಲೇಜು ಟ್ರಿಪ್ಪು ಹೋಗಿದ್ದೆ;
ನೆನಪಿರುವುದು ಮಳೆ, ಬಸ್ಸಿನ ವಾಂತಿ.

ಒಣ ಮೆಣಸಿನಕಾಯಿ ಹಗುರ.
ನಲವತ್ತು ಅಡಿಯ ಡಬ್ಬಿಯಲ್ಲಿ
ತೂಕ ಮುಗಿಯುವ ಮೊದಲೇ ಜಾಗ ಮುಗಿಯುತ್ತದೆ.
ಉಪಾಧ್ಯೆ ಸರ್ ಗೊಣಗುತ್ತಾರೆ: 'ಗಾಳಿಗೆ ಬಾಡಿಗಿ ಕೊಡಾಕತ್ತೇವಿ.'
ಒತ್ತಿ ತುಂಬಿದರೆ ಕಾಯಿ ಮುರಿಯುತ್ತದೆ, ಬೀಜ ಉದುರುತ್ತದೆ.
ಅವರು ಕೊಳ್ಳುವುದು ಖಾರ ಅಲ್ಲ, ಬಣ್ಣ.
ಅಲ್ಲಿಯ ಯಾರದೋ ತುಟಿಗೆ.

ಬುಧವಾರ ಬೆಳಿಗ್ಗೆ, ಮೋಟೆಬೆನ್ನೂರು.
ಆರುನೂರು ಕಿಲೋಮೀಟರು ಮಿಕ್ಕಿ
ಬರೀ ಖಾಲಿ ಹೇರಿಕೊಂಡು ಬಂದ ದಾದಾಪೀರ ನದಾಫ.
ಡಬ್ಬಿಯೊಳಗೆ ಹಿಂದಿನ ಸರಕಿನ ವಾಸನೆ, ರಬ್ಬರೋ, ಸಾಬೂನೋ.
ತಗಡಿನ ಗೋಡೆಯ ಮೇಲೆ ಯಾವ ದೇಶದ್ದೋ ಸೀಮೆಸುಣ್ಣದ ಗೀಟು:
ನಾಲ್ಕು ನಿಂತವು, ಒಂದು ಅಡ್ಡ,
ನಮ್ಮ ಫಕ್ಕೀರವ್ವ ಚೀಲ ಎಣಿಸುವ ಹಾಗೆಯೇ.

ಒಳಗೆ ಹೋಗಿ ನಿಂತು 'ಹಾಕು' ಎಂದೆ.
ಬಾಗಿಲು ಬಿತ್ತು.
ಅರವತ್ತರ ತನಕ ಎಣಿಸಬೇಕು,
ಕಣ್ಣಿಗೆ ಕತ್ತಲೆ ರೂಢಿ ಆಗುವ ತನಕ.
ನಲವತ್ತೆರಡು, ನಲವತ್ತಮೂರು...
ಚಾವಣಿಯ ಮೂಲೆಯಲ್ಲಿ
ಸಾಸಿವೆಯಷ್ಟು ಸೂರ್ಯ.
ಅದರಿಂದ ಇಳಿದ ದಾರದಂಥ ಬೆಳಕಿನಲ್ಲಿ
ಎಲ್ಲೆಲ್ಲಿಯದೋ ಧೂಳು ಮೆಲ್ಲಗೆ ಏಳುತ್ತ, ಇಳಿಯುತ್ತ.
ಎಣಿಕೆ ತಪ್ಪಿತು.
ಅಷ್ಟು ಚಂದದ್ದನ್ನು
ಫಾರ್ಮಿನಲ್ಲಿ ದೋಷ ಎಂದು ಬರೆಯಬೇಕು ನಾನು.

'ಎಂ-ಸೀಲ್ ಹಚ್ಚಿಬಿಡೂಣ್ರಿ ಹಂಚಾಟೆ ಮೇಡಂ, ಯಾರ್ ನೋಡ್ತಾರ?'
ಫೋನಿನಲ್ಲಿ ಉಪಾಧ್ಯೆ ಸರ್:
'ಇದ ತಪ್ಪಿದ್ರ ಮುಂದಿನ ಹಡಗ ಹತ್ತ ದಿನಕ್ಕ.
ಬರೋಬ್ಬರಿ ವಿಚಾರ ಮಾಡಿ ಹೇಳವಾ.'

ವಿಚಾರ ಮಾಡಿದೆ.
ಹಡಗು ಈಗ ಆಫ್ರಿಕಾ ಸುತ್ತಿ ಹೋಗುತ್ತದೆ,
ನಮ್ಮ ಕೆಂಪು, ಕೆಂಪು ಸಮುದ್ರ ಕಾಣುವುದೇ ಇಲ್ಲ.
ನಲವತ್ತು ದಿನ. ರಾತ್ರಿಗೊಂದು ಹನಿ.
ಮೊದಲು ಮೇಲಿನ ಚೀಲ ಕಪ್ಪಾಗುತ್ತದೆ,
ಆಮೇಲೆ ಅದರ ಕೆಳಗಿನದು.
'ಬ್ಯಾಡ,' ಎಂದೆ. 'ತಿರುಗಿಸು.'

ತುಂಬಲು ಬಂದಿದ್ದ ಹದಿನಾಲ್ಕು ಮಂದಿ
ಹತ್ತು ಗಂಟೆಗೇ ಬುತ್ತಿ ಬಿಚ್ಚಿದರು.
ಫಕ್ಕೀರವ್ವ ರೊಟ್ಟಿ ಮುರಿಯುತ್ತ ಕೇಳಿದಳು,
'ನಿನ್ನ ಕಣ್ಣಿಗೆ ತೂತ ಕಂಡದ್ದಕ್ಕ ನಮ್ಮ ಪಗಾರ ಅರ್ಧಾ ಏನ?'
ನನ್ನ ಹಾಳೆಯಲ್ಲಿ ಬಂದರಿನ ಬಾಡಿಗೆಗೆ ಕಾಲಂ ಇದೆ,
ವಿಮೆಗೆ ಇದೆ, ಡಾಲರಿನ ಏರಿಳಿತಕ್ಕೂ ಇದೆ.
ಅವಳ ಅರ್ಧಕ್ಕೆ ಇರಲಿಲ್ಲ.
'ಇತರೆ' ಎಂದು ಬರೆದು ಪೂರ್ತಿ ಹಾಕಿದೆ.
ಉಪಾಧ್ಯೆ ಸರ್ ಇನ್ನೂ ಅದನ್ನು ನೋಡಿಲ್ಲ.

ಗುರುವಾರ ಕಂಪನಿಯಿಂದ ಎರಡು ಸಾಲಿನ ಇಮೇಲು:
ಹಡಗು ಕೊಲಂಬೋದಲ್ಲೇ ತಡ,
ಗೇಟು ಮುಚ್ಚುವುದು ಬರುವ ಬುಧವಾರ.
ಯಾರೂ ಬೈಯಲಿಲ್ಲ, ಹೊಗಳಲಿಲ್ಲ.
ರಬ್ಬರು ತಗೊಂಡು ಹಾಳೆಯ ದಿನಗಳನ್ನೆಲ್ಲ ಉಜ್ಜಿದೆ,
ಬುಧವಾರದಿಂದ ಮತ್ತೆ ಹಿಂದಕ್ಕೆ ಹೊರಟೆ.

ಶನಿವಾರ ದಾದಾಪೀರನ ಫೋನು, ಹಿಂದೆ ಯಾವುದೋ ಯಾರ್ಡಿನ ಗದ್ದಲ:
'ಈ ಡಬ್ಬಿ ಚಲೋ ಐತ್ರಿ ಮೇಡಂ.
ಕ್ಲೀನರ್ ಹುಡುಗಗ ಬಾಗಲಾ ಹಾಕಂದು
ನಾನ ಒಳಗ ನಿಂತು ನೋಡೇನಿ. ಒಂದ ಚೂರೂ ಬೆಳಕಿಲ್ಲ.'
ಎಷ್ಟರ ತನಕ ಎಣಿಸಿದಿ, ಎಂದೆ.
'ಮೂವತ್ತರಿ,' ಎಂದ. 'ಆಮ್ಯಾಲೆ ಅಂಜಿಕಿ ಬಂತು.'